ನಾಯಿಯ ಮುಂದೆ ಮರ್ಯಾದೆ

ನಮ್ಮದು ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಅಂಗಡಿಯವನ ಪ್ರಾಣ ತಿನ್ನುವ ಮನೆ. ಅಂಥ ಮನೆಯ ವಿಳಾಸವನ್ನು ಬೇಟೆಯ ಪ್ರಸಂಗಗಳು ಯಾಕೆ ಹುಡುಕಿಕೊಂಡು ಬರಬೇಕೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆದರೂ ಬಂದವು, ವರ್ಷ ವರ್ಷವೂ ಬಂದವು. ಸೆಪ್ಟೆಂಬರ್ ಕೊನೆಯಲ್ಲಿ ಬೇರೆಯವರ ಮನೆಗಳಲ್ಲಿ ನೆಗಡಿ ಕೆಮ್ಮು ಶುರುವಾದರೆ ನಮ್ಮಲ್ಲಿ ಬೇಟೆ ಶುರುವಾಗುತ್ತಿತ್ತು.

ಇದಕ್ಕೆಲ್ಲ ಮೂಲ ಪಕ್ಕದ ಮನೆಯ ತಾತ. ನಾವಿರುವುದು ಅಮೆರಿಕದ ಪಶ್ಚಿಮ ಕರಾವಳಿ ಕಡೆಯ ಮಿಲ್ ಕ್ರೀಕ್‌ನಲ್ಲಿ. ತಾತ ಅಪ್ಪಟ ಅಮೆರಿಕದವರು, ಮುಕಿಲ್ಟಿಯೊ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಧಾರವಾಡದ ನಮ್ಮ ಯಜಮಾನರು ಅದೇ ಕಾರ್ಖಾನೆಯಲ್ಲಿ ಇಂಜಿನಿಯರ್. ಬೇಲಿಯ ಆಚೆ ಈಚೆ ನಿಂತು ರಿವೆಟ್ಟು, ರೆಕ್ಕೆ ಅಂತ ಶುರುವಾದ ಮಾತು ತಾತನ ಮುತ್ತಾತನ ಕಾಲದ ಒಂದು ಕೋವಿಗೆ ಬಂದು ನಿಂತಿತು. ತೋಟಾ ಹಾಕುವ ಈಗಿನ ಕೋವಿಯಲ್ಲ ಅದು. ಚಕಮಕಿ ಕಲ್ಲಿನದು. ನಳಿಗೆಯ ಬಾಯಿಂದ ಮದ್ದು ಸುರಿದು, ಚರೆ ಹಾಕಿ, ಉದ್ದನೆಯ ಕಡ್ಡಿಯಲ್ಲಿ ಜಡಿದು, ಆಮೇಲೆ ಪಕ್ಕದ ಪುಟ್ಟ ಬಟ್ಟಲಿಗೆ ಚಿಟಿಕೆ ಮದ್ದು ಹಾಕಬೇಕು. ಇಷ್ಟೆಲ್ಲ ಆಗುವವರೆಗೆ ಹಕ್ಕಿ ಕಾಯಬೇಕು. ಹಕ್ಕಿಯೆಂದರೆ ಫೆಸೆಂಟ್, ಕೋಳಿಯ ಜಾತಿಯದೇ, ಉದ್ದ ಬಾಲದ ಬಣ್ಣಬಣ್ಣದ ಹಕ್ಕಿ. ಪ್ರತಿವರ್ಷ ಸರ್ಕಾರದವರೇ ಕಣಿವೆಯ ಹುಲ್ಲುಗಾವಲಿಗೆ ತಂದು ಬಿಡುತ್ತಾರೆ, ಪರವಾನಗಿ ಇದ್ದವರು ಹೋಗಿ ಹೊಡೆಯುತ್ತಾರೆ.

ತಾತ ನಮ್ಮವರನ್ನೂ ಜೊತೆಗೆ ಕರೆದರು. ಮನೆಯಿಂದ ಹೊರಡುವಾಗ ನಾನು ನಮ್ಮವರ ಹತ್ತಿರ ಕೋವಿ ಮುಟ್ಟುವುದಿಲ್ಲವೆಂದು ಆಣೆ ಹಾಕಿಸಿಕೊಂಡಿದ್ದೆ. ಪೊದೆ ಬಡಿದು ಹಕ್ಕಿ ಎಬ್ಬಿಸುವುದಷ್ಟೇ ಅವರ ಕೆಲಸ.

೧. ಟಕ್, ಫುಸ್, ಢಂ

ಮೊದಲ ದಿನ ಹೋಗಿ ಬಂದವರು ಬಾಗಿಲಲ್ಲೇ ನಗುತ್ತಾ ನಿಂತರು.

"ಏನಾಯ್ತು ರೀ? ಹಕ್ಕಿ ಸತ್ತಿಲ್ಲ ತಾನೇ?" ಅಂದೆ.

"ಸಾಯೂದು ದೂರ ಉಳೀತು. ಆ ಕೋವಿ ಒತ್ತಿದ ಕೂಡ್ಲೇ ಹಾರೂದಿಲ್ಲ. ಮೊದಲ ಟಕ್ ಅಂತದ, ಕಲ್ಲು ಬಡೀತದ. ಆಮೇಲೆ ಫುಸ್ ಅಂತದ, ಬಟ್ಟಲದಾಗ ಬೆಂಕಿ ಹತ್ತತದ. ಆಮೇಲೆ ಢಂ. ಅಷ್ಟರಾಗ ಹಕ್ಕಿ ಮನಿಗೆ ಹೋಗಿ ಊಟಕ್ಕ ಕೂತಿರ್ತದ."

"ನೀವೇನು ಮಾಡಿದ್ರಿ?"

"ಹೊಗಿ ಒಳಗಿಂದ ಹಕ್ಕಿ ಪಾರಾಗಿ ಹೋಗೂದು ಕಂಡ್ತು ನೋಡು, ಭಾಳ ಖುಷಿ ಆತು. ಚಪ್ಪಾಳಿ ಹೊಡದುಬಿಟ್ಟೆ."

"ಅಯ್ಯೋ, ತಾತ ಏನಂದ್ರು?"

"ಅವರೇನೂ ಅನ್ಲಿಲ್ಲ. ಎಲ್ಲಾ ಅಂದಿದ್ದು ಆ ನಾಯಿ."

ನಾಯಿಯ ವಿಷಯ ಹೇಳಬೇಕು. ತಾತನದು ಬಿಳಿ ಮೈಗೆ ಕಂದು ಮಚ್ಚೆಯ ಪಾಯಿಂಟರ್ ಜಾತಿಯ ಬೇಟೆನಾಯಿ. ಹಕ್ಕಿಯ ವಾಸನೆ ಹಿಡಿದರೆ ಮುಂಗಾಲೊಂದನ್ನು ಎತ್ತಿ, ಬಾಲ ನೆಟ್ಟಗೆ ಮಾಡಿ, ಉಸಿರೂ ಆಡದೆ ನಿಲ್ಲುವ ಪ್ರವೀಣ. ಅದರ ಕೆಲಸದಲ್ಲಿ ಒಂದು ತಪ್ಪು ಹುಡುಕುವ ಹಾಗಿಲ್ಲ. ಅದು ಹಕ್ಕಿ ತೋರಿಸುತ್ತದೆ, ತಾತ ಟಕ್ ಫುಸ್ ಢಂ ಮಾಡುತ್ತಾರೆ, ಹೊಗೆ ತಿಳಿಯಾಗುತ್ತದೆ. ನಾಯಿ ಒಮ್ಮೆ ಆಕಾಶ ನೋಡುತ್ತದೆ, ಒಮ್ಮೆ ತಾತನನ್ನು ನೋಡುತ್ತದೆ. ಆಮೇಲೆ ಏನೂ ಹೇಳದೆ ತಿರುಗಿ ಸೀದಾ ತಾತನ ಪಿಕಪ್ ಟ್ರಕ್ಕಿನ ಹತ್ತಿರ ನಡೆದು, ಎಲ್ಲರಿಗೂ ಬೆನ್ನು ಹಾಕಿ ಕೂತುಬಿಡುತ್ತದೆ.

ವಾಪಸು ಬರುವಾಗ ತಾತ ನಮ್ಮವರ ಹತ್ತಿರ ಮನಸ್ಸು ಬಿಚ್ಚಿದ್ದರಂತೆ. "ಈ ಕೋವಿಯಲ್ಲಿ ನಾನು ಇವತ್ತಿನವರೆಗೆ ಒಂದು ಹಕ್ಕಿಯನ್ನೂ ಬೀಳಿಸಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ. ಆದರೆ ಆ ನಾಯಿಗೆ ವಯಸ್ಸಾಗುತ್ತಿದೆ. ಅದು ಓಡಾಡುವುದು ನಿಲ್ಲಿಸುವ ಮೊದಲು ಅದರ ಕಣ್ಣೆದುರು ಒಂದೇ ಒಂದು ಹಕ್ಕಿ ಬೀಳಿಸಬೇಕು. ಅದರ ಮುಂದೆ ನನ್ನ ಮರ್ಯಾದೆ ಉಳಿಯಬೇಕು."

ಹೊಸ ಕೋವಿ ಕೊಂಡರಾಗದೇ ಎಂದು ನಮ್ಮವರು ಕೇಳಿದ್ದಕ್ಕೆ, ಅದರಲ್ಲಿ ಹೊಡೆಯುವುದು ಅಂಗಡಿಯಲ್ಲಿ ಕೋಳಿ ಕೊಂಡ ಹಾಗೆ ಎಂದರಂತೆ.

ನನಗೆ ರೇಗಿತು. "ಹೆಂಡತಿ ವರ್ಷಗಟ್ಟಲೆ ಬೈದರೂ ನಿಮ್ಮಂಥ ಗಂಡಸರಿಗೆ ಏನೂ ಅನ್ನಿಸಲ್ಲ. ನಾಯಿ ಒಂದು ಸಲ ಬೆನ್ನು ತಿರುಗಿಸಿದರೆ ಮರ್ಯಾದೆ ಹೋಗತ್ತಾ?"

"ಹೋಗ್ತದಲ್ಲ," ಅಂದರು ನಮ್ಮವರು, "ನಾಯಿ ಬೈಯೂದಿಲ್ಲ, ಸುಮ್ಮನ ಎದ್ದು ಹೋಗ್ತದ ನೋಡು, ಅದಕ್ಕ."

೨. ನಾಯಿ ತೋರಿಸಿದ್ದು

ಇನ್ನೊಂದು ಶನಿವಾರ. ಬೆಳಗಿನಿಂದ ಒಂದು ಹಕ್ಕಿಯ ಸುಳಿವೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ನಾಯಿ ಒಂದು ಪೊದೆಯ ಮುಂದೆ ಗಕ್ಕನೆ ನಿಂತಿತು. ಕಾಲು ಮೇಲೆ, ಬಾಲ ನೆಟ್ಟಗೆ, ಮೈಯೆಲ್ಲ ಸಣ್ಣಗೆ ನಡುಕ.

"ಹೀಗೆ ನಿಂತದ್ದು ನಾನು ನೋಡಿಯೇ ಇಲ್ಲ," ಎಂದು ತಾತ ಪಿಸುಗುಟ್ಟಿದರಂತೆ. "ದೊಡ್ಡ ಹುಂಜವೇ ಇರಬೇಕು. ನಿಧಾನ."

ತಾತ ಕೋವಿ ಎತ್ತಿ ಹಿಡಿದರು. ನಮ್ಮವರು ತುದಿಗಾಲಲ್ಲಿ ಹೋಗಿ ಪೊದೆಗೆ ಒದ್ದರು. ಹಕ್ಕಿ ಹಾರಲಿಲ್ಲ. ಇನ್ನೊಂದು ಸಲ ಒದ್ದರು. ಒಳಗಿನಿಂದ ಸ್ಟೀಲ್ ಡಬ್ಬಿಯೊಂದು ಉರುಳಿಕೊಂಡು ಬಂದು ತಾತನ ಬೂಟಿನ ಹತ್ತಿರ ನಿಂತಿತು.

ಕೈ ಖಾಲಿಯಿರಲಿ ಎಂದು ಬೆಳಿಗ್ಗೆ ನಮ್ಮವರೇ ಬುತ್ತಿಯ ಚೀಲವನ್ನು ಆ ಪೊದೆಯಲ್ಲಿಟ್ಟು ಮರೆತಿದ್ದರು. ಡಬ್ಬಿಯಲ್ಲಿ ನಾನು ಕಳಿಸಿದ್ದು ತುಪ್ಪ ಸವರಿದ ಹೋಳಿಗೆ.

ತಾತ ಗಂಭೀರವಾಗಿ ಕೋವಿ ಕೆಳಗಿಳಿಸಿದರು. "ನಾಯಿ ತೋರಿಸಿದ್ದನ್ನು ಬೇಟೆಗಾರ ಬಿಟ್ಟು ಹೋಗಬಾರದು. ಅದು ನಿಯಮ," ಎಂದರು. ಮೂವರೂ ಅಲ್ಲೇ ಒದ್ದೆ ಹುಲ್ಲಿನ ಮೇಲೆ ಕೂತು ಡಬ್ಬಿ ಖಾಲಿ ಮಾಡಿದರು. ನಾಯಿ ಅವತ್ತು ಟ್ರಕ್ಕಿನ ಕಡೆ ನಡೆಯಲೂ ಇಲ್ಲ, ಯಾರಿಗೂ ಬೆನ್ನು ತೋರಿಸಲೂ ಇಲ್ಲ.

ಮುಂದಿನ ಶುಕ್ರವಾರ ಸಂಜೆ ತಾತ ನಮ್ಮ ಬಾಗಿಲು ತಟ್ಟಿದರು. ಪಕ್ಕದಲ್ಲಿ ನಾಯಿ.

"ಇದು ಕೇಳುತ್ತಿದೆ," ಎಂದರು, "ನಾಳೆಯೂ ಆ ಹಕ್ಕಿ ಸಿಗಬಹುದೇ ಅಂತ."

೩. ಓವರ್‌ಲೇಕ್‌ನ ಪಂಡಿತರು

ನಮ್ಮ ಕನ್ನಡದ ಗೆಳೆಯರು ಓವರ್‌ಲೇಕ್ ಕಡೆ ಇದ್ದಾರೆ, ಎಲ್ಲರೂ ಸಾಫ್ಟ್‌ವೇರಿನವರು. ಒಂದು ಭಾನುವಾರ ಊಟಕ್ಕೆ ಸೇರಿದಾಗ ನಮ್ಮವರು ಟಕ್ ಫುಸ್ ಢಂ ಕಥೆ ಹೇಳಿದರು. ನಗುತ್ತಾರೆ ಅಂದುಕೊಂಡರೆ ಯಾರೂ ನಗಲಿಲ್ಲ. ಬಿಸಿಬೇಳೆಬಾತಿನ ತಟ್ಟೆ ಪಕ್ಕಕ್ಕಿಟ್ಟು ಮೀಟಿಂಗ್ ಶುರು ಮಾಡಿಬಿಟ್ಟರು.

"ಇದು ಕ್ಲಿಯರ್ ಆಗಿ ಲೇಟೆನ್ಸಿ ಇಶ್ಯೂ, ಒತ್ತಿದ್ದಕ್ಕೂ ಹಾರಿದ್ದಕ್ಕೂ ನಡುವೆ ಗ್ಯಾಪ್ ಜಾಸ್ತಿ," ಅಂದ ಒಬ್ಬ.

"ರೀಟ್ರೈ ಹಾಕ್ಬೇಕಿತ್ತು," ಅಂದ ಇನ್ನೊಬ್ಬ.

"ರೀಟ್ರೈ ಅಂದ್ರ ಮತ್ತ ಮದ್ದು ಸುರದು, ಚರಿ ಹಾಕಿ, ಜಡೀಬೇಕ್ರೀ. ಅಷ್ಟರಾಗ ಹಕ್ಕಿ ಮೊಟ್ಟಿ ಇಟ್ಟು ಮರಿ ಮಾಡಿರ್ತದ," ಅಂದರು ನಮ್ಮವರು.

ಮತ್ತೊಬ್ಬ ಪೇಪರ್ ನ್ಯಾಪ್‌ಕಿನ್ ಮೇಲೆ ಹಕ್ಕಿ ಬರೆದ, ಕೋವಿ ಬರೆದ, ನಡುವೆ ಬಾಣದ ಗುರುತು ಎಳೆದ. ಹಕ್ಕಿ ಈಗಿರುವ ಜಾಗಕ್ಕಲ್ಲ, ಮುಂದೆ ಹೋಗಲಿರುವ ಜಾಗಕ್ಕೆ ಗುರಿಯಿಡಬೇಕು ಎಂದ. ಹಕ್ಕಿ ಎಲ್ಲಿಗೆ ಹೋಗುತ್ತದೆಂದು ಹಕ್ಕಿಗೇ ಗೊತ್ತಿರುವುದಿಲ್ಲವಲ್ಲ ಎಂದು ಅವನ ಹೆಂಡತಿ ಪಾಯಸ ಬಡಿಸುತ್ತಾ ಕೇಳಿದ್ದಕ್ಕೆ ನ್ಯಾಪ್‌ಕಿನ್ ಮಡಚಿಟ್ಟ.

ಕೊನೆಗೆ ಅವರಲ್ಲೆಲ್ಲ ದೊಡ್ಡ ಹುದ್ದೆಯವನು ಕೈ ತೊಳೆದು ಬಂದು ತೀರ್ಪು ಕೊಟ್ಟ.

"ನೋಡಿ ಸಾರ್, ಗನ್ ಲೆಗಸಿ ಸಿಸ್ಟಮ್, ಹಳೇ ಕಾಲದ್ದು. ಅದನ್ನ ಮುಟ್ಟೋಕಾಗಲ್ಲ. ನೀವು ಹಕ್ಕಿ ಕಡೆಯಿಂದ ಚೇಂಜ್ ಮಾಡ್ಸಿ."

೪. ಆಯುಧ ಪೂಜೆ

ಆಯುಧ ಪೂಜೆಯ ದಿನ ನಮ್ಮ ಗ್ಯಾರೇಜಿನಲ್ಲಿ ಎಲ್ಲವೂ ಸಾಲಾಗಿ ನಿಲ್ಲುತ್ತವೆ. ಕಾರು, ಹುಲ್ಲು ಕತ್ತರಿಸುವ ಯಂತ್ರ, ಮಿಕ್ಸಿ, ಮಗಳ ಸೈಕಲ್ಲು, ಎಲ್ಲರ ಲ್ಯಾಪ್‌ಟಾಪು. ಏಣಿ ವಾಪಸು ಕೊಡಲು ಬಂದ ತಾತ ಹುಲ್ಲಿನ ಯಂತ್ರಕ್ಕೆ ಕುಂಕುಮವಿಟ್ಟದ್ದು ಕಂಡು ಏಣಿ ಹೊತ್ತೇ ನಿಂತರು.

ಮಗಳು ವಿವರಿಸಿದಳು. ಕನ್ನಡ ಕೇಳಿ ಇಂಗ್ಲಿಷ್ ಆಡುವ ಮಗಳು ನಮ್ಮವಳು. "ವಿ ಥ್ಯಾಂಕ್ ಅವರ್ ಟೂಲ್ಸ್ ಟುಡೇ. ಆಕ್ಚುಲಿ ಇಟ್ಸ್ ಮೆಂಟ್ ಫಾರ್ ವೆಪನ್ಸ್."

ತಾತ ಏಣಿ ಇಟ್ಟು ಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ ಕೋವಿಯನ್ನು ಎಳೆಮಗುವಿನ ಹಾಗೆ ಎತ್ತಿಕೊಂಡು ಬಂದರು. "ಇದಕ್ಕೂ ಮಾಡುತ್ತೀಯಾ?"

ನಾನು ಮೈಸೂರಿನವಳು. ಹುಟ್ಟಿದಾಗಿನಿಂದ ಆಯುಧ ಪೂಜೆ ನೋಡಿದ್ದೇನೆ, ಆದರೆ ಸ್ಕೂಟರಿಗೆ, ಈಳಿಗೆ ಮಣೆಗೆ, ಹೊಲಿಗೆ ಯಂತ್ರಕ್ಕೆ. ನಿಜವಾದ ಆಯುಧ ಕೈಗೆ ಸಿಕ್ಕಿದ್ದು ಅದೇ ಮೊದಲು. ಮದ್ದು ತುಂಬಿಲ್ಲ ತಾನೇ ಎಂದು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡೆ. ಆಮೇಲೆ ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ಗಂಧ ತೇದು ನಳಿಗೆಯುದ್ದಕ್ಕೂ ಬಳಿದೆ. ಅರಿಶಿನ ಕುಂಕುಮವಿಟ್ಟು ಸೇವಂತಿಗೆ ಮುಡಿಸಿದೆ. ನಳಿಗೆಯ ಪಕ್ಕದಲ್ಲಿ ಒಂದು ಪುಟ್ಟ ತೂತಿತ್ತು. ಬೊಟ್ಟಿಡಲೆಂದೇ ಮಾಡಿಸಿದ ಹಾಗಿತ್ತು. ಅಲ್ಲಿ ಗಂಧದಲ್ಲಿ ಕಲಸಿದ ಕುಂಕುಮವನ್ನು ಚೆನ್ನಾಗಿ ಒತ್ತಿ ಇಟ್ಟೆ. ನಾಯಿಯ ಹಣೆಗೂ ಒಂದು ಇಟ್ಟೆ. ಅದು ನೆಕ್ಕಿಕೊಳ್ಳಲು ನಾಲಿಗೆ ಮೇಲೆ ಚಾಚಿ ಚಾಚಿ ಸೋತಿತು.

ಆರತಿಯಾದ ಮೇಲೆ ತಾತ ಕೋವಿ ಎತ್ತಿಕೊಂಡು ಹೊರಟರು. "ಇವತ್ತು ಮಧ್ಯಾಹ್ನ ಹೋಗಿ ಬರುತ್ತೇನೆ."

"ಇವತ್ತು ಆಗಲ್ಲ ತಾತ. ಪೂಜೆ ಮಾಡಿದ ಆಯುಧವನ್ನು ಇವತ್ತು ಬಳಸಬಾರದು. ಅದಕ್ಕೆ ವಿಶ್ರಾಂತಿ."

ಅದೇ ಹೊತ್ತಿಗೆ ನಮ್ಮವರು ಹೂ ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪ್ ತೆರೆದು ಆಫೀಸಿನ ಕಾಲ್‌ಗೆ ಕೂತಿದ್ದರು. ತಾತ ಅವರನ್ನು ನೋಡಿದರು, ನನ್ನನ್ನು ನೋಡಿದರು.

"ಅದು ಬೇರೆ," ಎಂದೆ.

ಪಾಪ, ಒಳ್ಳೆಯ ಮನುಷ್ಯ, ಒಪ್ಪಿಕೊಂಡರು. ಮಾರನೆಯ ದಿನ ವಿಜಯದಶಮಿ. ಬೆಳಿಗ್ಗೆಯೇ ನಮ್ಮವರನ್ನು ಕರೆದುಕೊಂಡು ಹೊರಟರು. ಸಂಜೆ ಬಂದಾಗ ತಾತನ ಮುಖ ಒಂದು ತರಹ ಇತ್ತು.

ನಡೆದದ್ದಿಷ್ಟು. ನಾಯಿ ತೋರಿಸಿತು. ನಮ್ಮವರು ಎಬ್ಬಿಸಿದರು. ಹಕ್ಕಿ ತಾತನ ಮೂಗಿನ ಮುಂದೆಯೇ ಎದ್ದಿತು, ಅಷ್ಟು ಹತ್ತಿರ ಯಾವತ್ತೂ ಎದ್ದಿರಲಿಲ್ಲ. ಟಕ್ ಎಂದಿತು. ಫುಸ್ ಎಂದಿತು. ಢಂ ಬರಲೇ ಇಲ್ಲ. ಬಟ್ಟಲಿನ ಬೆಂಕಿ ಒಳಗಿನ ಮದ್ದಿಗೆ ಹೋಗುವ ದಾರಿಯೇ ಆ ಪುಟ್ಟ ತೂತಂತೆ. ತಾತ ಎಷ್ಟೋ ಹೊತ್ತು ಕಾದು, ಕೋವಿಯ ಮೂತಿ ಆಚೆಗಿಟ್ಟುಕೊಂಡು, ಸೂಜಿಯಲ್ಲಿ ಕೆದಕಿದರೆ ಕೆಂಪಗೆ ಗಟ್ಟಿಯಾದದ್ದು ಏನೋ ಉದುರಿತು. ಹುಲ್ಲುಗಾವಲೆಲ್ಲ ಗಂಧದ ಪರಿಮಳ.

ಒರೆಸಿದ್ದರು, ಹೂವನ್ನೂ ತೆಗೆದಿದ್ದರು, ಅದೊಂದು ತೂತು ಮಾತ್ರ ಗಮನಕ್ಕೆ ಬಂದಿರಲಿಲ್ಲ. ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಕ್ಷಮಿಸಿ ತಾತ, ಕ್ಷಮಿಸಿ ತಾತ ಎಂದು ಗೋಗರೆದೆ.

ತಾತ ಕೈಯೆತ್ತಿ ತಡೆದರು. "ಬಿಡು. ನಿಮ್ಮ ದೇವರು ಯಾರ ಪಕ್ಷ ಅಂತ ಗೊತ್ತಾಯಿತು."

೫. ಛತ್ರಿ

ಈ ಊರಿನ ಮಳೆ ಜೋರಾಗಿ ಬಂದು ಮುಗಿಸುವ ಪೈಕಿಯಲ್ಲ. ಅಕ್ಟೋಬರಿನಲ್ಲಿ ಜಿನುಗಲು ಕೂತರೆ ಏಳುವುದೇ ಇಲ್ಲ. ಚಕಮಕಿ ಕೋವಿಗೆ ಬಟ್ಟಲಿನ ಮದ್ದು ಒದ್ದೆಯಾದರೆ ಅದು ಬರೀ ಕೋಲು.

ನಮ್ಮವರು ಇಂಜಿನಿಯರ್ ತಲೆ ಓಡಿಸಿ ಆಫೀಸಿನವರು ಕೊಟ್ಟ ಛತ್ರಿ ತೆಗೆದುಕೊಂಡು ಹೋದರು. ತಾತನಿಗೆ ಅವಮಾನವಾಯಿತು. ಈ ಊರಲ್ಲೇ ಹುಟ್ಟಿ ಬೆಳೆದವರು ಎಷ್ಟೇ ಮಳೆ ಬಂದರೂ ಛತ್ರಿ ಹಿಡಿಯುವುದಿಲ್ಲ. ಹಿಡಿದವರು ಹೊರಗಿನವರೆಂದು ಲೆಕ್ಕ.

"ನಾನು ಜನ್ಮದಲ್ಲಿ ಛತ್ರಿಯ ಕೆಳಗೆ ನಿಂತವನಲ್ಲ," ಎಂದರು.

"ನೀವು ನಿಲ್ಲಬೇಡಿ," ಅಂದರಂತೆ ನಮ್ಮವರು, "ಕೋವಿ ನಿಲ್ಲಲಿ."

ಹಾಗೆ ಏರ್ಪಾಡಾಯಿತು. ಮುಂದೆ ನಾಯಿ, ಹಿಂದೆ ಕೋವಿ ಹಿಡಿದ ತಾತ, ಅವರ ಹಿಂದೆ ಕೈ ಚಾಚಿ ಕೋವಿಗಷ್ಟೇ ಛತ್ರಿ ಹಿಡಿದ ನಮ್ಮವರು. ಇಬ್ಬರೂ ತೊಪ್ಪೆ, ಕೋವಿ ಮಾತ್ರ ಬೆಚ್ಚಗೆ. ಎದುರಿಗೆ ಬಂದ ಬೇಟೆಗಾರರ ಗುಂಪೊಂದು ಈ ಮೆರವಣಿಗೆ ಕಂಡು ದಾರಿ ಬಿಟ್ಟು ನಿಂತಿತು. ಅಷ್ಟು ಹಳೆಯ ಕೋವಿ, ಅಷ್ಟು ನೆಟ್ಟಗಿನ ಮುದುಕ, ಹಿಂದೆ ಛತ್ರಿ ಹಿಡಿದ ಆಳು! ಒಬ್ಬ ಟೋಪಿ ತೆಗೆದ. ಇನ್ನೊಬ್ಬ ನಮ್ಮವರನ್ನು ಹಿಂದಕ್ಕೆಳೆದು "ಯಾರು ಇವರು?" ಎಂದು ಗುಟ್ಟಾಗಿ ಕೇಳಿದ.

"ನಮ್ಮ ಪಕ್ಕದ ಮನೆಯವರು," ಎಂದು ಇವರು ಸತ್ಯ ಹೇಳಿದರು. ಯಾರೂ ನಂಬಲಿಲ್ಲ.

ಹಕ್ಕಿ ಅವತ್ತೂ ತಪ್ಪಿಸಿಕೊಂಡಿತು. ನಾಯಿ ಅವತ್ತೂ ಟ್ರಕ್ಕಿಗೆ ಹೋಯಿತು. ಆದರೆ ತಾತನ ನಡಿಗೆ ಬದಲಾಗಿತ್ತು, ಉತ್ಸವಮೂರ್ತಿಯ ಹಾಗೆ ನಿಂತು ನಿಂತು ಹೆಜ್ಜೆಯಿಡುತ್ತಿದ್ದರಂತೆ. ಮುಂದಿನ ವಾರ ಒಳ್ಳೆ ಬಿಸಿಲಿತ್ತು. ಬೆಳಿಗ್ಗೆ ಟ್ರಕ್ಕಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ತಾತ ಕೇಳಿದ ಮೊದಲ ಪ್ರಶ್ನೆ, "ಛತ್ರಿ ತಂದೆಯಾ?"

೬. ದಾನದ ಹಕ್ಕಿ

ಒಮ್ಮೆ ಯಾರೋ ಬೇಟೆಗಾರ ತಾತನ ಅವಸ್ಥೆ ನೋಡಲಾರದೆ ತಾನು ಹೊಡೆದ ಹಕ್ಕಿಯೊಂದನ್ನು ಕೊಡಲು ಬಂದನಂತೆ. ತಾತ ಬೇಡವೆಂದರು.

"ತಗೊಳ್ಳಿ, ಯಾರಿಗೂ ಹೇಳಲ್ಲ," ಎಂದ ಅವನು.

ತಾತ ಟ್ರಕ್ಕಿನ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. "ಅದಕ್ಕೆ ಗೊತ್ತಾಗುತ್ತೆ."

ಇದನ್ನು ತಾತನ ಹೆಂಡತಿಗೆ ಹೇಳಿದಾಗ ಆಕೆ ನಕ್ಕರು. ಬೇಟೆಯ ದಿನ ಆಕೆ ಅಂಗಡಿಯಿಂದ ಕೋಳಿ ತಂದು ಒಲೆಗಿಟ್ಟು ಕಾಯುವವರು. "ನಾಯಿಗೆ ಗೊತ್ತಾಗುತ್ತೆ ಅಂತ ಹೆದರುತ್ತಾರೆ. ನನಗೆ ಗೊತ್ತಾಗುತ್ತೆ ಅಂತ ಒಂದು ದಿನವೂ ಹೆದರಿದವರಲ್ಲ!"

೭. ಕೊನೆಯ ಶನಿವಾರ

ನಾಯಿಯ ಹಿಂಗಾಲು ಸೋಲುತ್ತಾ ಬಂತು. ಇದೇ ಅದರ ಕೊನೆಯ ಬೇಟೆಗಾಲ ಎಂದು ಡಾಕ್ಟರು ಹೇಳಿಬಿಟ್ಟರು. ತಾತನ ಮಂಡಿಗೂ ಡಿಸೆಂಬರಿನಲ್ಲಿ ಆಪರೇಷನ್ ಎಂದು ಗೊತ್ತಾಗಿತ್ತು. ಹಾಗಾಗಿ ಆ ವರ್ಷದ ಬೇಟೆಗಾಲದ ಕೊನೆಯ ಶನಿವಾರವೆಂದರೆ ಇಬ್ಬರಿಗೂ ಕೊನೆಯ ಶನಿವಾರ. ಅವತ್ತಾಗದಿದ್ದರೆ ಆ ನಾಯಿಯ ಮುಂದೆ ಮತ್ತೆಂದೂ ಆಗುವಂತಿರಲಿಲ್ಲ.

ಅವತ್ತೇ ಜಿಟಿಜಿಟಿ ಮಳೆ. ಹಿಂದಿನ ದಿನ ಅಕ್ಕಿ ಮೂಟೆ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡ ನಮ್ಮವರು ನಡುಮನೆಯ ನೆಲದ ಮೇಲೆ ಅಂಗಾತ ಮಲಗಿದ್ದರು. ಹೊರಗೆ ತಾತ ಟ್ರಕ್ಕಿನ ಪಕ್ಕ ನಿಂತು, ಕೋವಿಯನ್ನು ಕೋಟಿನೊಳಗೆ ಮುಚ್ಚಿಕೊಂಡು ನಮ್ಮ ಬಾಗಿಲನ್ನೇ ನೋಡುತ್ತಿದ್ದರು.

"ನೀ ಹೋಗು," ಅಂದರು ನಮ್ಮವರು ನೆಲದಿಂದ.

"ನಾನಾ? ಹಕ್ಕಿ ಕೊಲ್ಲೋಕಾ?"

"ನೀ ಛತ್ರಿ ಹಿಡಿ ಸಾಕು. ಛತ್ರಿ ಹಿಡಿಯೂದು ಹಿಂಸಾ ಅಲ್ಲ."

"ಅಮ್ಮಾ, ಜಸ್ಟ್ ಗೋ," ಅಂದಳು ಮಗಳು ಕಿಟಕಿಯಿಂದ. "ಹಿ ಲುಕ್ಸ್ ಸೋ ಸ್ಯಾಡ್."

ನಾನೂ ಕಿಟಕಿಯಿಂದ ನೋಡಿದೆ. ತಾತ ತಮ್ಮ ಮೂಗಿನಿಂದ ಇಳಿಯುವ ನೀರು ಬಿಟ್ಟು ಕೋವಿಯ ಮೇಲಿನ ಹನಿ ಒರೆಸುತ್ತಿದ್ದರು.  ಚೂಡಿದಾರದ ಮೇಲೆ ರೇನ್‌ಕೋಟು, ಅದರ ಮೇಲೆ ಬೇಟೆಗೆ ಹೋಗುವವರಿಗೆ ಕಡ್ಡಾಯವಾದ ಕೇಸರಿ ಬಣ್ಣದ ವೆಸ್ಟು ತೊಟ್ಟು ಹೊರಟೆ. ಕಂಡವರು ಸನ್ಯಾಸ ತಗೊಂಡಳು ಅನ್ನಬೇಕು, ಹಾಗಿದ್ದೆ.

ದಾರಿಯಲ್ಲಿ ದೇವರನ್ನು ಬೇಡಿಕೊಳ್ಳಲು ಹೋದರೆ ಏನು ಬೇಡುವುದೆಂದೇ ತೋಚಲಿಲ್ಲ. ತಾತನಿಗೆ ಹಕ್ಕಿ ಸಿಗಲಿ ಎಂದರೆ ಹಕ್ಕಿಯ ಗತಿ? ಹಕ್ಕಿ ಉಳಿಯಲಿ ಎಂದರೆ ತಾತನ ಗತಿ? ನಿನಗೆ ತೋಚಿದ್ದು ಮಾಡಪ್ಪ, ನನ್ನನ್ನು ಕೇಳಬೇಡ ಎಂದು ಕೈಬಿಟ್ಟೆ.

ಬೆಳಗಿನಿಂದ ಕೆಸರಿನಲ್ಲಿ ನಡೆದೆವು. ನಾಯಿ ಕುಂಟುತ್ತಿತ್ತು, ತಾತ ಕುಂಟುತ್ತಿದ್ದರು, ಹೊಸ ಬೂಟು ಕಚ್ಚಿ ನಾನೂ ಕುಂಟುತ್ತಿದ್ದೆ. ಬೇಟೆಯ ಸಮಯ ಮುಗಿಯುತ್ತಾ ಬಂದಿತ್ತು. ಇನ್ನು ವಾಪಸು ಹೋಗೋಣ ಎಂದು ತಾತ ಬಾಯಿ ತೆರೆಯುವುದಕ್ಕೂ ನಾಯಿ ನಿಲ್ಲುವುದಕ್ಕೂ ಸರಿಹೋಯಿತು. ಸೋತ ಹಿಂಗಾಲು ನಡುಗುತ್ತಿತ್ತು, ಆದರೂ ಮುಂಗಾಲು ಎತ್ತಿಯೇ ಇತ್ತು.

"ಛತ್ರಿ ಹತ್ತಿರ ತಾ," ಎಂದು ತಾತ ಪಿಸುಗುಟ್ಟಿದರು. ದನಿಯೂ ನಡುಗುತ್ತಿತ್ತು. "ಈಗ ಪೊದೆಗೆ ಒದಿ."

ಛತ್ರಿ ಹಿಡಿದ ಕೈಯನ್ನು ಕೋವಿಯ ಮೇಲೆ ಚಾಚಿ, ಒಂಟಿಕಾಲಲ್ಲಿ ನಿಂತು ಒದ್ದೆ. ಹಕ್ಕಿ ಪಟಪಟನೆ ಎದ್ದಿತು. ಕೊರಳಿನ ಹಸಿರೇನು, ಮೈಯ ತಾಮ್ರದ ಬಣ್ಣವೇನು! ಅಷ್ಟು ಚೆಂದದ ಹಕ್ಕಿ ನಾನು ನೋಡಿರಲಿಲ್ಲ. ಮುಂದಿನದು ನೋಡಲಾರದೆ ಮುಖವನ್ನು ನಾಯಿಯ ಕಡೆ ತಿರುಗಿಸಿಕೊಂಡೆ.

ಟಕ್.

ಫುಸ್! ಬಟ್ಟಲಿನ ಬೆಂಕಿ ಮೇಲೆದ್ದು ಛತ್ರಿಯಲ್ಲಿ ಕಿಂಡಿ ಕೊರೆಯಿತು.

ನಾಯಿಗೆ ಇಷ್ಟು ವರ್ಷದ ಅನುಭವವಿತ್ತು. ಢಂ ಎನ್ನುವವರೆಗೆ ಕಾಯುವ ಗೋಜಿಗೂ ಹೋಗಲಿಲ್ಲ. ಫುಸ್ ಎಂದ ಕೂಡಲೇ ತಿರುಗಿ ಟ್ರಕ್ಕಿನ ಕಡೆ ಹೆಜ್ಜೆ ಹಾಕಿತ್ತು.

ಢಂ!

ಹೊಗೆಯಲ್ಲಿ ನನಗೆ ತಾತ ಕಾಣಲಿಲ್ಲ, ತಾತನಿಗೆ ನಾನು ಕಾಣಲಿಲ್ಲ. ಇಬ್ಬರೂ ಕೆಮ್ಮುತ್ತಿದ್ದೆವು. ಅಷ್ಟರಲ್ಲಿ ಹಳ್ಳದ ಆಚೆ ಧೊಪ್ ಎಂದಿತು.

"ಅದೇನು ಸದ್ದು?" ಎಂದು ತಾತ ಗಾಬರಿಯಾದರು. ಆ ಕೋವಿ ಹಾರಿಸಿದ ಮೇಲೆ ಅಂಥ ಸದ್ದನ್ನು ಅವರು ಕೇಳಿಯೇ ಇರಲಿಲ್ಲ.

"ಬಿತ್ತು ತಾತ! ಹಕ್ಕಿ ಬಿತ್ತು!"

ತಾತ ಕೋವಿ ತಬ್ಬಿಕೊಂಡು ನಿಂತುಬಿಟ್ಟರು. ಆಮೇಲೆ ನೆನಪಾಗಿ ನಾಯಿಗೆ ಸಿಳ್ಳೆ ಹಾಕಿದರು, ಕೂಗಿದರು, ಬೇಡಿಕೊಂಡರು. ದೂರದಲ್ಲಿ ಟ್ರಕ್ಕಿನ ಪಕ್ಕ ಅದರ ಬೆನ್ನು ಕಾಣುತ್ತಿತ್ತು. ಬೆನ್ನು ಅಲುಗಲಿಲ್ಲ.

ಹಕ್ಕಿ ಬಿದ್ದದ್ದು ಹಳ್ಳದಾಚೆಯ ಮುಳ್ಳು ಪೊದೆಯಲ್ಲಿ. ತಾತನ ಮಂಡಿ ಹಳ್ಳ ಇಳಿಯುವ ಸ್ಥಿತಿಯಲ್ಲಿರಲಿಲ್ಲ. ಅವರು ನನ್ನ ಮುಖ ನೋಡಿದರು.

"ತಾತ, ನಾನು ಸಸ್ಯಾಹಾರಿ," ಎಂದೆ.

"ತಿನ್ನು ಎನ್ನಲಿಲ್ಲ. ತಂದುಕೊಡು ಎಂದೆ."

ಹಳ್ಳದಲ್ಲಿ ಮೊಣಕಾಲವರೆಗೆ ಇಳಿದು, ಮುಳ್ಳಿನಲ್ಲಿ ದುಪಟ್ಟಾ ಹರಿದುಕೊಂಡು ಹೋದೆ. ಹಕ್ಕಿಯ ಜೀವ ಹೋಗಿತ್ತು, ಮೈ ಇನ್ನೂ ಬಿಸಿಯಿತ್ತು. ಕಣ್ಣಲ್ಲಿ ನೀರು ಬಂತು. "ಕ್ಷಮಿಸಪ್ಪಾ, ನಾನು ಛತ್ರಿ ಹಿಡಿಯೋಕೆ ಬಂದವಳು," ಎಂದು ಅದಕ್ಕೆ ಹೇಳಿ ಎರಡೂ ಕೈಯಲ್ಲಿ ಎತ್ತಿಕೊಂಡೆ. ಅದನ್ನು ಒಮ್ಮೆ ಟ್ರಕ್ಕಿನಲ್ಲಿ ಇಳಿಸಿಬಿಟ್ಟರೆ ಸಾಕಾಗಿತ್ತು ನನಗೆ. ಹಕ್ಕಿಯನ್ನು ಆರತಿ ತಟ್ಟೆಯ ಹಾಗೆ ಮುಂದೆ ಚಾಚಿಕೊಂಡು, ತಾತ ಹಿಂದೆ ಬೀಳುತ್ತಿದ್ದರೂ ನಿಲ್ಲದೆ, ನಾನೊಬ್ಬಳೇ ಬಿರಬಿರನೆ ಟ್ರಕ್ಕಿನ ಕಡೆ ನಡೆದೆ.

ಹೆಜ್ಜೆಯ ಸದ್ದಿಗೆ ನಾಯಿ ಅರೆಮನಸ್ಸಿನಿಂದ ತಲೆ ತಿರುಗಿಸಿತು. ನೋಡಿತು. ಎದ್ದು ನಿಂತಿತು. ಕುಂಟುತ್ತಾ ಬಂದು ಹಕ್ಕಿಯನ್ನು ಮೂಸಿತು, ನನ್ನ ಕೈ ಮೂಸಿತು, ಮದ್ದಿನ ಮಸಿ ಹತ್ತಿದ ನನ್ನ ತೋಳನ್ನೂ ಮೂಸಿತು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿತು. ಅಷ್ಟು ಗೌರವದಿಂದ ನನ್ನನ್ನು ಗಂಡನ ಮನೆಯವರೂ ನೋಡಿಲ್ಲ, ಆಫೀಸಿನವರೂ ನೋಡಿಲ್ಲ.

ತಾತ ಏದುಸಿರು ಬಿಡುತ್ತಾ ಬಂದು ತಲುಪಿದರು. "ನಾನು! ಹೊಡೆದದ್ದು ನಾನು!" ಎಂದು ಎದೆ ತಟ್ಟಿಕೊಂಡರು. ಕೋವಿ ಎತ್ತಿ ತೋರಿಸಿದರು. ನಾಯಿ ಅತ್ತ ತಿರುಗಲಿಲ್ಲ. ನನ್ನ ಕಾಲಿಗೆ ಮೈಯೊರಗಿಸಿ ಕೂತಿತು.

"ನೀನಾದರೂ ಹೇಳು," ಎಂದರು ತಾತ ಅಳುವ ದನಿಯಲ್ಲಿ.

ಗಡಿಬಿಡಿಯಲ್ಲಿ ನನ್ನ ಬಾಯಿಂದ ಬಂದದ್ದು ಕನ್ನಡ. "ಅಯ್ಯೋ ದೇವರಾಣೆಗೂ ನಾನಲ್ಲ ಕಣೋ! ತಾತ ಹೊಡೆದಿದ್ದು. ನಮ್ಮನೇಲಿ ಮೊಟ್ಟೇನೂ ಮುಟ್ಟಲ್ಲ ಕಣೋ!"

ನಾಯಿ ಬಾಲ ಅಲ್ಲಾಡಿಸಿ ನನ್ನ ಕೈ ನೆಕ್ಕಿತು.

ದಾರಿಯುದ್ದಕ್ಕೂ ಅದರ ತಲೆ ನನ್ನ ತೊಡೆಯ ಮೇಲಿತ್ತು.  ತಾತ ಇಷ್ಟು ವರ್ಷ ಕಾದದ್ದು ಕೈಗೆ ಬಂದೂ ನನ್ನಿಂದಾಗಿ ಬಾಯಿಗೆ ಬರಲಿಲ್ಲವಲ್ಲ ಎಂದು ನನಗೆ ತುಂಬಾ ಬೇಜಾರಾಯಿತು. ಅವರ ಮುಖ ನೋಡಲು ಧೈರ್ಯವಾಗದೆ ಕಿಟಕಿಯ ಆಚೆ ನೋಡುತ್ತಾ ಕೂತೆ.

ಮನೆ ಮುಂದೆ ಟ್ರಕ್ ನಿಂತಾಗ ನಮ್ಮವರು ಸೊಂಟದ ಮೇಲೆ ಕೈಯಿಟ್ಟುಕೊಂಡು, ಅರ್ಧ ಬಾಗಿ, ಬಾಗಿಲಲ್ಲಿ ನಿಂತಿದ್ದರು. ಪಕ್ಕದಲ್ಲಿ ಮಗಳು. ಬೇಲಿಯಾಚೆ ತಾತನ ಹೆಂಡತಿ.

"ಬಿತ್ತಾ?" ಎಂದು ನಮ್ಮವರು ಕೂಗಿ ಕೇಳಿದರು.

"ಬಿತ್ತು," ಎಂದರು ತಾತ. ಎಲ್ಲರೂ ಹೋ ಎಂದು ಚಪ್ಪಾಳೆ ತಟ್ಟಿದರು. ತಾತ ನನ್ನ ಕಾಲಿಗೇ ಅಂಟಿಕೊಂಡು ಇಳಿಯುತ್ತಿದ್ದ ನಾಯಿಯನ್ನು ನೋಡಿದರು. ಮುಖದ ಮಳೆನೀರು ಒರೆಸಿಕೊಂಡರು. ತಡೆದುಕೊಳ್ಳಲಾರದೆ ನಗು ಬಂದುಬಿಟ್ಟಿತು.

"ಬಿದ್ದದ್ದೇನೋ ಬಿತ್ತು. ಆದರೆ ಇದರ ಲೆಕ್ಕದಲ್ಲಿ ಹೊಡೆದದ್ದು ನಿನ್ನ ಹೆಂಡತಿ!"